ಖಂಡಸ್ಫುಟಿತ ಜೀರ್ಣೋದ್ಧಾರ: ಹಳೆಯ ಪಿಕಪ್ ಗಾಡಿಯ ದುರಸ್ತಿಯಲ್ಲಿ ಒಂದು ಪಾಠ

ಪದವಿಚಾರ

ಕೆಟ್ಟ ವಸ್ತುವನ್ನು ಸರಿಪಡಿಸುವ ಕಾರ್ಯಕ್ಕೆ ಕನ್ನಡದಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ. ‘ರಿಪೇರಿ’ ಇಂಗ್ಲಿಷಿನಿಂದ ಬಂದುದು. ‘ದುರಸ್ತಿ’ ಪಾರಸೀ ಮೂಲದ್ದು. ಸರಿಯಾಗಿರುವಿಕೆ ಎಂಬುದು ಅದರ ಅರ್ಥ. ‘ಜೀರ್ಣೋದ್ಧಾರ’ ಸಂಸ್ಕೃತದ್ದು. ಮೊದಲಿನ ಎರಡು ಮಾತುಗಳು ನಿಂತುಹೋದುದನ್ನು ಮತ್ತೆ ನಡೆಸುವಷ್ಟಕ್ಕೆ ಸಾಲುತ್ತವೆ. ಮೂರನೆಯದರ ವ್ಯಾಪ್ತಿ ಅವುಗಳಿಗಿಂತ ಹಿರಿದು. ‘ಜೀರ್ಣ’ವೆಂದರೆ ಕಾಲದಿಂದ ಸವೆದುದು, ‘ಉದ್ಧಾರ’ವೆಂದರೆ ಮೇಲಕ್ಕೆತ್ತುವುದು. ಸವೆದ ವಸ್ತುವನ್ನು ಅದರ ಸ್ವರೂಪಕ್ಕೆ ಚ್ಯುತಿ ಬಾರದಂತೆ ಎತ್ತಿ ನಿಲ್ಲಿಸುವುದೇ ಜೀರ್ಣೋದ್ಧಾರವೆನಿಸುತ್ತದೆ.

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಅಪರಿಚಿತವಲ್ಲ. ಗುಡಿಗೆ ಭೂಮಿ ಬಿಟ್ಟ ದಾನಿಗಳು ಪೂಜೆಗೂ ಆಹಾರದಾನಕ್ಕೂ ವೃತ್ತಿ ಕಲ್ಪಿಸಿದಂತೆಯೇ ಈ ಕಾರ್ಯಕ್ಕೂ ಬೇರೆಯಾಗಿ ವೃತ್ತಿ ಕಲ್ಪಿಸುತ್ತಿದ್ದರು. ಕಟ್ಟಿಸಿದ ಮಾತ್ರಕ್ಕೆ ಪುಣ್ಯಕಾರ್ಯ ಮುಗಿಯಲಿಲ್ಲ, ಕಟ್ಟಿದ್ದು ಕೆಡುತ್ತದೆ, ಕೆಟ್ಟುದನ್ನು ಎತ್ತಲು ದ್ರವ್ಯ ಬೇಕು ಎಂಬ ವಿವೇಕ ಅಲ್ಲಿದೆ. ಆ ಪದಪುಂಜವನ್ನು ಬಿಡಿಸಿ ನೋಡಿದರೆ ವಸ್ತುಗಳು ಕೆಡುವ ಮೂರು ಬಗೆಗಳೇ ಅದರಲ್ಲಿ ಅಡಗಿರುವುದು ಕಾಣುತ್ತದೆ. ‘ಖಂಡ’ವೆಂದರೆ ತುಂಡಾದುದು, ‘ಸ್ಫುಟಿತ’ವೆಂದರೆ ಬಿರಿದುದು, ‘ಜೀರ್ಣ’ವೆಂದರೆ ಸವೆದುದು.

ಕಲ್ಲಿನ ಗುಡಿಗೆ ಸಲ್ಲುವ ಈ ವಿಂಗಡಣೆ ಕಬ್ಬಿಣದ ಗಾಡಿಗೂ ಸಲ್ಲುತ್ತದೆ. ಬೆಂಗಳೂರಿನ ಪೂರ್ವಭಾಗದ ಹೊಸ ತಿಪ್ಪಸಂದ್ರದಂತಹ ಬಡಾವಣೆಯಲ್ಲಿ, ಮನೆಯ ಮುಂದಣ ಕಿರಿದಾದ ಜಾಗದಲ್ಲಿಯೇ ಹಳೆಯ ಪಿಕಪ್ ಗಾಡಿಯೊಂದನ್ನು ಎತ್ತಿ ನಿಲ್ಲಿಸಬೇಕೆಂದು ಹೊರಡುವವನಿಗೆ ಯಾವ ಕ್ರಮ ಹಿತ, ಯಾವುದು ಅಹಿತ ಎಂಬುದನ್ನು ಈ ವಿಂಗಡಣೆಯ ಬೆಳಕಿನಲ್ಲಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಪಿಕಪ್ ಗಾಡಿಯ ಪೂರ್ವಕಥೆ

ಮುಂದೆ ಇಬ್ಬರು ಮೂವರು ಕೂರುವ ಸಣ್ಣ ಕೋಣೆ, ಹಿಂದೆ ಸರಕು ಹೇರಲು ತೆರೆದ ತೊಟ್ಟಿ—ಇದು ಪಿಕಪ್ ಗಾಡಿಯ ಲಕ್ಷಣ. ಅಮೆರಿಕದ ರೈತರು ತಮ್ಮ ಮೋಟಾರುಗಳ ಹಿಂಭಾಗಕ್ಕೆ ತಾವೇ ಮರದ ಪೆಟ್ಟಿಗೆ ಬಿಗಿದುಕೊಳ್ಳುತ್ತಿದ್ದ ಕಾಲವೊಂದಿತ್ತು. 1925ರ ಏಪ್ರಿಲ್‌ನಲ್ಲಿ ಫೋರ್ಡ್ ಸಂಸ್ಥೆ ತನ್ನ ‘ಟಿ’ ಮಾದರಿಯ ಗಾಡಿಗೆ ಕಾರ್ಖಾನೆಯಲ್ಲಿಯೇ ಅಂತಹ ತೊಟ್ಟಿಯನ್ನು ಜೋಡಿಸಿ ಮಾರತೊಡಗಿತು. ಭಾರತದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆಯಿತು. ಫೋರ್ಡ್ ಗಾಡಿಗಳೂ ಅದೇ ನಗರದಲ್ಲಿ ಜೋಡಣೆಗೊಂಡುವು. 1950ರ ದಶಕದ ನಡುವಿನ ಹೊತ್ತಿಗೆ ಈ ಎರಡೂ ಸಂಸ್ಥೆಗಳು ಅಂದಿನ ತಮ್ಮ ಕೆಲಸವನ್ನು ನಿಲ್ಲಿಸಿ ಹೊರಟುಹೋದುವು. ಇಂದು ಉಳಿದಿರುವ ಹಳೆಯ ಷೆವರ್ಲೆ, ಫೋರ್ಡ್ ಪಿಕಪ್‌ಗಳಿಗೆ ಬಿಡಿಭಾಗ ದೊರೆಯುವುದು ದುರ್ಲಭವಾಗಿರಲು ಇದೂ ಒಂದು ಕಾರಣ.

ಎರಡನೆಯ ಮಹಾಯುದ್ಧ ಜೀಪನ್ನೂ ಡಾಜ್ ಕಂಪನಿಯ ಮುಕ್ಕಾಲು ಟನ್ನಿನ ಸೈನಿಕ ಗಾಡಿಯನ್ನೂ ಈ ನೆಲಕ್ಕೆ ತಂದಿತು. ಜೀಪಿನ ನಿರ್ಮಾಪಕರಾದ ವಿಲ್ಲಿಸ್ ಸಂಸ್ಥೆಯವರು 1947ರಲ್ಲಿ ಅದರ ಅಂಗರಚನೆಯನ್ನೇ ಆಧರಿಸಿದ ಪಿಕಪ್ ಗಾಡಿಯನ್ನು ಹೊರತಂದರು. ಅದೇ ವರ್ಷ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೀಪುಗಳ ಜೋಡಣೆಯನ್ನು ಆರಂಭಿಸಿತು. 1965ರಲ್ಲಿ ಎಂಜಿನ್ನಿನ ಮೇಲೆಯೇ ಚಾಲಕನ ಕೋಣೆಯುಳ್ಳ ಎಫ್‌ಸಿ-150 ಎಂಬ ಸರಕುಗಾಡಿಯನ್ನು ತಯಾರಿಸತೊಡಗಿತು. ಟಾಟಾ ಸಂಸ್ಥೆಯ ಮೊದಲ ಪಿಕಪ್ ಆದ ಟಾಟಾಮೊಬೈಲ್ ಬಂದುದು 1988ರಲ್ಲಿ. ಈ ಎರಡು ಘಟ್ಟಗಳ ನಡುವೆ ನಮ್ಮ ಹಳ್ಳಿಗಳ ತರಕಾರಿ, ಮಲೆನಾಡಿನ ತೋಟಗಳ ಕಾಫಿಮೂಟೆ, ಹಾಲಿನ ಕ್ಯಾನು, ಮದುವೆಯ ಪಾತ್ರೆ-ಪಡಗ ಎಲ್ಲವನ್ನೂ ಹೊತ್ತುದು ಜೀಪಿನ ವಂಶದ ಗಾಡಿಗಳೇ. ಮೆರವಣಿಗೆಯ ಮೋಟಾರುಗಳನ್ನು ಅರಮನೆಗಳೂ ಶ್ರೀಮಂತರೂ ಕಾಪಾಡಿದರು; ದುಡಿದ ಗಾಡಿಗಳು ಮಾತ್ರ ದುಡಿದು ದುಡಿದೇ ಗುಜರಿಗೆ ಸಂದುವು. ಉಳಿದ ಕೆಲವನ್ನು ಉಳಿಸಿಕೊಳ್ಳುವುದು ದುಡಿಮೆಯ ಚರಿತ್ರೆಯನ್ನು ಉಳಿಸಿಕೊಂಡಂತೆ.

ತಿಪ್ಪಸಂದ್ರದ ನೆರೆಹೊರೆ

ಹೊಸ ತಿಪ್ಪಸಂದ್ರದ ನೆರೆಗೆ ಜೀರ್ಣೋದ್ಧಾರದ ದೊಡ್ಡದೊಂದು ನಿದರ್ಶನವಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಇಲ್ಲಿಗೆ ದೂರವಲ್ಲ. ಯುದ್ಧಕಾಲದಲ್ಲಿ ಅದು ಅಮೆರಿಕದ ಸೈನ್ಯದ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಅದರ ರೈಲ್ವೆ ಬೋಗಿ ವಿಭಾಗವನ್ನು ಮೂಲವಾಗಿ ಪಡೆದು 1964ರಲ್ಲಿ ರೂಪುಗೊಂಡ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಬೆಂಗಳೂರು ಸಂಕೀರ್ಣವು ಹೊಸ ತಿಪ್ಪಸಂದ್ರದ ಅಂಚೆಯ ವ್ಯಾಪ್ತಿಯಲ್ಲಿಯೇ ಇದೆ. ಈ ಕಾರ್ಖಾನೆಗಳಲ್ಲಿ ದುಡಿದ ಫಿಟ್ಟರು, ಟರ್ನರು, ವೆಲ್ಡರುಗಳ ಕುಟುಂಬಗಳು ಸುತ್ತಲಿನ ಬಡಾವಣೆಗಳಲ್ಲಿ ನೆಲೆನಿಂತುವು.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಕಾನಪುರದಲ್ಲಿ ‘ಲಿಬರೇಟರ್’ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನಗಳನ್ನು ಮುಂದೆ ಯಾರಿಗೂ ಉಪಯೋಗಕ್ಕೆ ಬಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಗಿತ್ತು. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಆ ವಿಮಾನಗಳನ್ನು ಬೆಂಗಳೂರಿನವರೆಗೆ ಹಾರಿಬರುವಷ್ಟಕ್ಕೆ ಮಾತ್ರ ಸಜ್ಜುಗೊಳಿಸಿದರು. ಕಾರ್ಖಾನೆಯ ಪರೀಕ್ಷಾ ವೈಮಾನಿಕರಾದ ಜಮ್‌ಷೆಡ್ ಮುನ್ಷಿಯವರು ಅವುಗಳನ್ನು ಒಂದೊಂದಾಗಿ ಹಾರಿಸಿಕೊಂಡು ಬಂದರು. ಪೂರ್ಣ ಜೀರ್ಣೋದ್ಧಾರ ಇಲ್ಲಿ ನಡೆಯಿತು. ನಲವತ್ತಕ್ಕೂ ಹೆಚ್ಚು ವಿಮಾನಗಳು ಹೀಗೆ ಮರುಹುಟ್ಟು ಪಡೆದು, 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದುವು. ಯುದ್ಧಕಾಲದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರುಗಳು ನಿರ್ಮಾಣವಾಗಿದ್ದರೂ, ಇಂದು ಲೋಕದ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಕೆಲವೇ ವಿಮಾನಗಳಲ್ಲಿ ಹಲವು ಇಲ್ಲಿ ಎತ್ತಿ ನಿಲ್ಲಿಸಿದವು. ಗುಜರಿಯೆಂದು ಲೋಕ ಕೈಬಿಟ್ಟುದನ್ನು ಈ ನೆಲದ ಕೈಗಳು ಕೈಹಿಡಿದುವು.

ಈ ಪ್ರಸಂಗದಿಂದ ಕಲಿಯಬೇಕಾದ ಕ್ರಮವೊಂದಿದೆ. ಮೊದಲು ಅಪಾಯವಿಲ್ಲದೆ ಸಾಗಿಸುವಷ್ಟು ಕೆಲಸ, ಅನಂತರ ತಕ್ಕ ಸ್ಥಳದಲ್ಲಿ ಸಾವಕಾಶವಾಗಿ ಪೂರ್ಣ ಕೆಲಸ. ಬಡಾವಣೆಯನ್ನು ಹಾದುಹೋಗುವ ಸುರಂಜನ್ ದಾಸ್ ರಸ್ತೆ ಇನ್ನೊಂದು ಪಾಠವನ್ನು ನೆನಪಿಸುತ್ತದೆ. ಮಾರುತ್ ವಿಮಾನವನ್ನು 1961ರಲ್ಲಿ ಮೊದಲು ಹಾರಿಸಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು 1970ರ ಜನವರಿಯಲ್ಲಿ ಅದೇ ಬಗೆಯ ವಿಮಾನದ ಪರೀಕ್ಷೆಯಲ್ಲಿ ಪ್ರಾಣ ತೆತ್ತರು. ಯಂತ್ರವನ್ನು ಪರೀಕ್ಷಿಸದೆ ಜನರ ನಡುವೆ ಬಿಡಬಾರದೆಂಬುದಕ್ಕಾಗಿಯೇ ಅಂತಹವರು ತಮ್ಮ ಜೀವವನ್ನು ಒತ್ತೆಯಿಟ್ಟರು.

ಮೊದಲು ಓದು, ಅನಂತರ ಬಿಚ್ಚು

ಹೊಸಬರು ಮಾಡುವ ಮೊದಲ ತಪ್ಪು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದು. ತಾಳೆಗರಿಯ ಪ್ರತಿಯನ್ನು ಸಂಪಾದಿಸುವ ಪಂಡಿತನು ಮೊದಲು ಗರಿಗಳನ್ನು ಎಣಿಸಿ, ಹುಳು ತಿಂದ ಕಡೆಗಳನ್ನು ಗುರುತಿಸಿ, ಅನಂತರ ಪಾಠಕ್ಕೆ ಕೈಹಾಕುತ್ತಾನೆ. ಗಾಡಿಯ ಉದ್ಧಾರಕನೂ ಹಾಗೆಯೇ ನಡೆಯಬೇಕು. ಎಂಜಿನ್ನಿನ ಸಂಖ್ಯೆ, ಚಾಸಿಯ ಸಂಖ್ಯೆಗಳ ಮೇಲೆ ಕಾಗದವಿಟ್ಟು ಸೀಸದ ಕಡ್ಡಿಯಿಂದ ತಿಕ್ಕಿ, ಶಾಸನದ ಪಡಿಯಚ್ಚು ತೆಗೆಯುವಂತೆ ಅಚ್ಚು ತೆಗೆದಿಡಬೇಕು. ನೋಂದಣಿ ಪತ್ರದಲ್ಲಿರುವ ಸಂಖ್ಯೆಗಳಿಗೆ ಅವು ತಾಳೆಯಾಗದಿದ್ದರೆ ಗಾಡಿಯನ್ನು ಕೊಳ್ಳದಿರುವುದೇ ಲೇಸು. ಸಂಖ್ಯಾಫಲಕವೂ ಚರಿತ್ರೆಯನ್ನು ಹೇಳುತ್ತದೆ. ‘ಎಂವೈ’ ಎಂದು ಆರಂಭವಾಗುವುದು ಮೈಸೂರು ರಾಜ್ಯದ ಕಾಲದ್ದು, ‘ಸಿಎ’ ಎಂಬುದು 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲಿನದು, ‘ಕೆಎ’ ಎಂಬುದು 1989ರಿಂದ ಈಚಿನದು.

ಬಳಿಕ ಗಾಡಿಯ ಎಲ್ಲ ಮಗ್ಗುಲುಗಳ ಛಾಯಾಚಿತ್ರ ತೆಗೆಯಬೇಕು. ಒಂದು ನೋಟುಪುಸ್ತಕದ ಪುಟವನ್ನು ಮೂರು ಅಂಕಣಗಳಾಗಿ ಗೀಟಿ, ಮುರಿದುವು, ಬಿರಿದುವು, ಸವೆದುವು ಎಂದು ಪ್ರತಿಯೊಂದು ಭಾಗವನ್ನೂ ವಿಂಗಡಿಸಿ ಬರೆಯಬೇಕು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮುರಿದ ಬೋಲ್ಟು, ಹಲ್ಲುದುರಿದ ಗೇರು ಇಂತಹುವನ್ನು ಬದಲಿಸಲೇಬೇಕು. ಬಿರುಕುಬಿಟ್ಟ ಎರಕದ ಭಾಗವನ್ನು, ಬಿರುಕು ಎಲ್ಲಿ ಕೊನೆಗೊಂಡಿದೆಯೆಂದು ನಿಶ್ಚಯಿಸಿಕೊಂಡು, ಎರಕದ ಬೆಸುಗೆಯನ್ನು ಬಲ್ಲವರಿಂದಲೇ ಬೆಸೆಯಿಸಬೇಕು. ಸವೆದ ಸಿಲಿಂಡರನ್ನೋ ಶ್ಯಾಫ್ಟನ್ನೋ ಅಳೆದು, ಲೇತಿನ ಕೆಲಸದಿಂದ ಸರಿಪಡಿಸಬಹುದು. ಸವೆದುದೆಲ್ಲವನ್ನೂ ಮುರಿದುದೆಂದು ಎಣಿಸಿ ಎಸೆದರೆ ಗಾಡಿಯ ಹೆಸರು ಮಾತ್ರ ಉಳಿದೀತು; ಮುರಿದುದನ್ನು ಸವೆದುದೆಂದು ನಂಬಿ ಉಳಿಸಿಕೊಂಡರೆ ಸವಾರನ ಜೀವ ಉಳಿಯದು.

ಬಿಚ್ಚುವಾಗ ಚಾಸಿಯನ್ನು ಕೇವಲ ಜಾಕಿಯ ಮೇಲೆ ನಿಲ್ಲಿಸಿ ಕೆಳಗೆ ನುಸುಳಬಾರದು. ಕಬ್ಬಿಣದ ಸ್ಟ್ಯಾಂಡುಗಳನ್ನೇ ಕೊಡಬೇಕು. ಇಟ್ಟಿಗೆಯಾಗಲಿ ಸಿಮೆಂಟಿನ ಟೊಳ್ಳು ಬ್ಲಾಕಾಗಲಿ ಮುನ್ಸೂಚನೆ ಕೊಡದೆ ಒಡೆಯುತ್ತವೆ. ಬಿಚ್ಚಿದ ಬೋಲ್ಟು-ನಟ್ಟುಗಳನ್ನು ಭಾಗವಾರು ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಬೇಕು. ತೊಳೆಯಲು ಪೆಟ್ರೋಲನ್ನು ಬಳಸಕೂಡದು. ತೆಗೆದ ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯಕೂಡದು. ಮೋರಿಯ ನೀರು ರಾಜಕಾಲುವೆಗೂ, ರಾಜಕಾಲುವೆಯ ನೀರು ಕೆರೆಗೂ ಹೋಗುತ್ತದೆ. ಅದನ್ನು ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸಲು ಪರವಾನಗಿ ಪಡೆದವರಿಗೆ ಒಪ್ಪಿಸಬೇಕು. ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ ನೆರೆಯವರ ನಿದ್ದೆಯನ್ನೂ ಉಸಿರನ್ನೂ ಗೌರವಿಸುವುದು ಈ ಕಾಯಕದ ಮೊದಲ ನಿಯಮ.

ಎಂಜಿನ್ನು

ಜೀಪಿನ ವಂಶದ ಗಾಡಿಗಳಲ್ಲಿ ಬಳಕೆಯಾದ ‘ಹರಿಕೇನ್’ ಎಂಬ ಪೆಟ್ರೋಲ್ ಎಂಜಿನ್ನು ನಾಲ್ಕು ಸಿಲಿಂಡರುಗಳದು. ಅದರ ಅಳತೆ 2,199 ಘನ ಸೆಂಟಿಮೀಟರು. ಒಳಗೆ ಅನಿಲವನ್ನು ಬಿಡುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿಯೂ, ಹೊಗೆ ಬಿಡುವ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲಿಯೂ ಇರುವುದು ಇದರ ವಿಶೇಷ. ಸಿಲಿಂಡರುಗಳು ಉರಿಯುವ ಕ್ರಮ 1-3-4-2. ಪ್ಲಗ್ಗಿನ ವಯರುಗಳನ್ನು ಕೀಳುವ ಮೊದಲೇ ಈ ಕ್ರಮವನ್ನು ಬರೆದಿಡದಿದ್ದರೆ, ಮರುಜೋಡಣೆಯ ದಿನ ಪರಿತಪಿಸಬೇಕಾಗುತ್ತದೆ.

ವರ್ಷಗಟ್ಟಲೆ ನಿಂತ ಎಂಜಿನ್ನು ಹಿಡಿದುಕೊಂಡಿರುವುದು ಸಾಮಾನ್ಯ. ಅಂತಹ ಗಾಡಿಯನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದರೆ ರಿಂಗು ಮುರಿಯಬಹುದು, ಸಿಲಿಂಡರಿನ ಗೋಡೆ ಗೀರಬಹುದು. ಪ್ಲಗ್ಗುಗಳನ್ನು ತೆಗೆದು, ಆ ತೂತುಗಳಲ್ಲಿ ತೆಳುವಾದ ಎಣ್ಣೆಯನ್ನು ಸ್ವಲ್ಪಸ್ವಲ್ಪ ಬಿಟ್ಟು, ಕೆಲವು ದಿನ ಕಾದು, ಕೈಯಿಂದಲೇ ಮೆಲ್ಲಗೆ ತಿರುಗಿಸಲು ಯತ್ನಿಸಬೇಕು. ತಿರುಗಿದ ಮೇಲೆ ಒತ್ತಡದ ಗೇಜಿನಿಂದ ಪ್ರತಿ ಸಿಲಿಂಡರನ್ನೂ ಪರೀಕ್ಷಿಸಬೇಕು. ಒತ್ತಡ ಕಡಿಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿದರೆ ದೋಷ ರಿಂಗುಗಳಲ್ಲಿ ಅಥವಾ ಸಿಲಿಂಡರಿನ ಸವಕಳಿಯಲ್ಲಿದೆ. ಏರದಿದ್ದರೆ ವಾಲ್ವುಗಳಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಎಂಜಿನ್ನನ್ನು ಬಿಚ್ಚದೆಯೇ ಅದರ ಅಂತರಂಗವನ್ನು ತಿಳಿಸುವ ಈ ಪರೀಕ್ಷೆ ವೈದ್ಯನ ನಾಡಿಪರೀಕ್ಷೆಯಂತೆ.

ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಣ ಅಂತರ ಸುಮಾರು ಅರ್ಧ ಮಿಲಿಮೀಟರು, ಪ್ಲಗ್ಗಿನದು ಸುಮಾರು ಮುಕ್ಕಾಲು ಮಿಲಿಮೀಟರು. ಇವನ್ನು ಫೀಲರ್ ಗೇಜಿನಿಂದಲೇ ಅಳೆಯಬೇಕು, ಕಣ್ಣಂದಾಜು ಸಲ್ಲದು. ಹಳೆಯ ಗಾಡಿಗಳಲ್ಲಿ ಕೆಲವು ಆರು ವೋಲ್ಟಿನವು, ಕೆಲವು ಹನ್ನೆರಡು ವೋಲ್ಟಿನವು. ಕೆಲವಕ್ಕೆ ಬ್ಯಾಟರಿಯ ಋಣಧ್ರುವವೂ ಕೆಲವಕ್ಕೆ ಧನಧ್ರುವವೂ ಚಾಸಿಗೆ ಸೇರಿರುತ್ತದೆ. ಇದನ್ನು ನಿಶ್ಚಯಿಸಿಕೊಳ್ಳದೆ ಬ್ಯಾಟರಿ ಜೋಡಿಸಿದರೆ ಹಾನಿ ತಪ್ಪದು. ಹ್ಯಾಂಡಲಿನಿಂದ ಎಂಜಿನ್ನನ್ನು ತಿರುಗಿಸುವಾಗ ಹೆಬ್ಬೆರಳನ್ನು ಇತರ ಬೆರಳುಗಳ ಮಗ್ಗುಲಿಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಂಜಿನ್ನು ಹಿಮ್ಮುಖವಾಗಿ ಒದ್ದಾಗ, ಹ್ಯಾಂಡಲನ್ನು ಸುತ್ತಿ ಹಿಡಿದ ಹೆಬ್ಬೆರಳು ಮುರಿದುಹೋಗುತ್ತದೆ. ಹಿಂದಿನ ಚಾಲಕರೆಲ್ಲರಿಗೂ ತಿಳಿದಿದ್ದ ಈ ಸಂಗತಿಯನ್ನು ಇಂದು ಹೇಳಿಕೊಡುವವರು ವಿರಳರಾಗಿದ್ದಾರೆ.

ಇಂಧನದ ವಿಷಯದಲ್ಲಿ ಈಚಿನ ಬದಲಾವಣೆಯನ್ನು ಅರಿತಿರಬೇಕು. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಪದ್ಧತಿ ಬಂದಿದೆ. ಹಳೆಯ ಕಾಲದ ರಬ್ಬರು ಕೊಳವೆ, ಪಂಪಿನ ಪೊರೆ, ಬಿರಡೆಯ ಗ್ಯಾಸ್ಕೆಟ್ಟುಗಳಿಗೆ ಇದು ಒಗ್ಗದು. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಆದುದರಿಂದ ಎಥನಾಲನ್ನು ತಡೆಯಬಲ್ಲ ಹೊಸ ಕೊಳವೆಗಳನ್ನು ಹಾಕುವುದು ಅನಿವಾರ್ಯ. ಪೆಟ್ರೋಲ್ ಟ್ಯಾಂಕಿಗೆ ಬೆಸುಗೆಯ ಕೆಲಸವನ್ನು ಮನೆಯಲ್ಲಿ ಸರ್ವಥಾ ಮಾಡಕೂಡದು. ಬರಿದಾದಂತೆ ಕಾಣುವ ಟ್ಯಾಂಕಿನೊಳಗೂ ಆವಿ ತುಂಬಿರುತ್ತದೆ; ಅದು ಕಿಡಿ ತಾಗಿದೊಡನೆ ಸಿಡಿಯುತ್ತದೆ.

ಮೈಗೂಡು

ಗಾಡಿಯ ಮೈಯಲ್ಲಿ ಕಾಣುವ ತುಕ್ಕಿಗಿಂತ ಕಾಣದ ತುಕ್ಕೇ ಅಧಿಕ. ಕಬ್ಬಿಣ ತುಕ್ಕಾದಾಗ ಹಿಗ್ಗುತ್ತದೆ. ಆದುದರಿಂದ ಬಣ್ಣ ಉಬ್ಬಿದ ಕಡೆ ಒಳಗೆ ಅನರ್ಥ ನಡೆದಿದೆಯೆಂದೇ ತಿಳಿಯಬೇಕು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಆಡಿಸಿದರೆ, ಅದು ಹಿಡಿಯದ ಕಡೆ ಹಿಂದಿನವರು ತಗಡಿನ ಬದಲು ದಪ್ಪವಾಗಿ ಪುಟ್ಟಿ ಮೆತ್ತಿರುವುದು ಬಯಲಾಗುತ್ತದೆ. ಪುಟ್ಟಿಯೆಂಬುದು ಕೂದಲೆಳೆಯ ಉಬ್ಬುತಗ್ಗು ತುಂಬಲು ಇರುವ ವಸ್ತು. ತೂತು ಮುಚ್ಚಲು ಅದನ್ನು ಬಳಸುವುದು ಆತ್ಮವಂಚನೆ. ಕೊಳೆತ ತಗಡನ್ನು ಗಟ್ಟಿಯಾದ ಲೋಹ ಸಿಗುವವರೆಗೂ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಸುತ್ತಿಗೆಯಿಂದ ಅದೇ ಬಾಗಿಗೆ ತಂದು, ಒಂದೇ ಸಮನೆ ಬೆಸೆಯದೆ, ಅಲ್ಲಲ್ಲಿ ಚುಕ್ಕಿಯಿಟ್ಟು ಆರಲು ಬಿಟ್ಟು ಬೆಸೆಯಬೇಕು. ಇಲ್ಲವಾದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಬಾಗಿಲಿನ ಅಡಿಯ ನೀರು ಹರಿಯುವ ತೂತುಗಳನ್ನು ತೆರೆದೇ ಇಡಬೇಕು. ಅಂದಕ್ಕಾಗಿ ಅವನ್ನು ಮುಚ್ಚಿದವನು ಮುಂದಿನ ಮಳೆಗಾಲಕ್ಕೆ ತುಕ್ಕನ್ನು ಆಹ್ವಾನಿಸಿದಂತೆ.

ತೊಟ್ಟಿಯ ತಳ ಮರದ್ದಾಗಿದ್ದರೆ, ಹಲಗೆಗಳನ್ನು ಕೂರಿಸುವ ಮೊದಲೇ ಆರೂ ಮುಖಗಳಿಗೆ, ಮುಖ್ಯವಾಗಿ ಕೊಯ್ದ ತುದಿಗಳಿಗೆ, ಎಣ್ಣೆಯನ್ನೋ ಬಣ್ಣವನ್ನೋ ಹಚ್ಚಬೇಕು. ನೀರು ಮರದೊಳಕ್ಕೆ ನುಗ್ಗುವುದು ತುದಿಗಳಿಂದಲೇ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಕೂಡದು. ಆ ಕಾಲದ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು, ಆ ಧೂಳು ಮಕ್ಕಳಿಗೆ ವಿಷ. ನೀರಿನ ಕಾಗದದಿಂದ ಒದ್ದೆಯಾಗಿಯೇ ಉಜ್ಜಬೇಕು, ಮುಖಕ್ಕೆ ತಕ್ಕ ಮುಸುಕು ಧರಿಸಬೇಕು.

ಬಿಡಿಭಾಗಗಳಿಗೆ ತಿಪ್ಪಸಂದ್ರದವರು ಬಹಳ ದೂರ ಹೋಗಬೇಕಾಗಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಗಾಡಿಗಳ ಅಂಗಗಳೂ, ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳಲ್ಲಿ ಹೊಸ ಭಾಗಗಳೂ ದೊರೆಯುತ್ತವೆ. ಆದರೆ ಕೈಯಲ್ಲಿ ಹಳೆಯ ಭಾಗವನ್ನು ಹಿಡಿದೇ ಹೋಗಬೇಕು. ಹೆಸರು ಹೇಳಿ ಕೊಂಡುದಕ್ಕಿಂತ ತಾಳೆನೋಡಿ ಕೊಂಡುದು ಸರಿಹೋಗುತ್ತದೆ.

ಪ್ರಾಣರಕ್ಷಣೆಯ ಅಂಗಗಳು

ಇದುವರೆಗೆ ಹೇಳಿದ್ದರ ಸಾರ, ಉಳಿಯಬಹುದಾದುದನ್ನು ಉಳಿಸು ಎಂಬುದು. ಈ ನಿಯಮಕ್ಕೆ ಒಂದು ಬಲವಾದ ಅಪವಾದವಿದೆ. ಬ್ರೇಕು, ಸ್ಟಿಯರಿಂಗು, ಚಕ್ರ, ಟೈರುಗಳ ವಿಷಯದಲ್ಲಿ ಹಳೆಯದೆಂಬ ಮಮತೆ ಸಲ್ಲದು. ಬ್ರೇಕಿನ ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳ ರಬ್ಬರು ಬಟ್ಟಲುಗಳು ಹಾಗೂ ಕೊಳವೆಗಳೆಲ್ಲವೂ ಹೊಸದಾಗಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವುದರಿಂದ ತೆರೆದಿಟ್ಟ ಡಬ್ಬಿಯದನ್ನು ಬಳಸಕೂಡದು. ಅದರ ಬದಲು ಎಂಜಿನ್ನಿನ ಎಣ್ಣೆಯನ್ನು ಹಾಕಿದರಂತೂ ರಬ್ಬರು ಉಬ್ಬಿ ಬ್ರೇಕೇ ಕೆಡುತ್ತದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ, ಡ್ರಮ್ಮಿನ ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಡಿದರೆ ಕಿಂಗ್‌ಪಿನ್ನನ್ನೂ ಬೇರಿಂಗನ್ನೂ ಶಂಕಿಸಬೇಕು; ಎಡಬಲ ಹಿಡಿದು ಅಲುಗಿಸಿದಾಗ ಆಡಿದರೆ ಟೈ ರಾಡಿನ ಕೀಲುಗಳನ್ನು ಶಂಕಿಸಬೇಕು. ಟೈರಿನ ಗುಂಡಿಗಳು ಆಳವಾಗಿದ್ದರೂ ಮಗ್ಗುಲುಗಳು ಬಿರಿದಿದ್ದರೆ ಅದು ‘ಸ್ಫುಟಿತ’ವೇ; ಅದಕ್ಕೆ ಚಿಕಿತ್ಸೆಯಿಲ್ಲ. ಮೊದಲ ಓಟವನ್ನು ಇಕ್ಕಟ್ಟಿನ ಮುಖ್ಯರಸ್ತೆಯ ಮಾರುಕಟ್ಟೆಯ ನಡುವೆ ನಡೆಸದೆ, ತಿಳಿದ ಮೆಕ್ಯಾನಿಕರೊಬ್ಬರಿಂದ ಬ್ರೇಕನ್ನು ಪರೀಕ್ಷಿಸಿಕೊಂಡು, ವಾಹನವಿಲ್ಲದ ಬಯಲಿನಲ್ಲಿ ನಡೆಸಬೇಕು. ಗಾಡಿಯ ಚರಿತ್ರೆಗಿಂತ ದಾರಿಹೋಕನ ಪ್ರಾಣ ದೊಡ್ಡದು.

ಪ್ರಕ್ಷೇಪವೂ ಕಾಯಿದೆಯೂ

ಪ್ರಾಚೀನ ಕಾವ್ಯಗಳಲ್ಲಿ ಅನಂತರದವರು ಸೇರಿಸಿದ ಪದ್ಯಗಳಿಗೆ ಪ್ರಕ್ಷೇಪವೆಂದು ಹೆಸರು. ಹಳೆಯ ಗಾಡಿಗಳಲ್ಲಿಯೂ ಪ್ರಕ್ಷೇಪಗಳುಂಟು. ಪೆಟ್ರೋಲಿನ ಬೆಲೆಗೆ ಅಂಜಿ ನಮ್ಮ ದೇಶದಲ್ಲಿ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ನುಗಳನ್ನು ಕೂರಿಸಲಾಯಿತು. ಅದು ಬಡತನದ ಜಾಣ್ಮೆ, ನಿಂದನೀಯವಲ್ಲ. ಆದರೆ ಅಂತಹ ಗಾಡಿಯನ್ನು ಮೂಲಸ್ವರೂಪದ್ದೆಂದು ಸಾರುವುದು ಸತ್ಯಕ್ಕೆ ದೂರ. ಗ್ರಂಥಸಂಪಾದಕನು ತಾನು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗೆ ಇಡುತ್ತಾನೆ. ಗಾಡಿಯ ಉದ್ಧಾರಕನು ತಾನು ಹೊಸದಾಗಿ ಹಾಕಿದ ಭಾಗಗಳನ್ನು ನೋಟುಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಗಾಡಿಯೊಡನೆಯೇ ಇಡಬೇಕು. ಮುಂದೆ ಅದನ್ನು ಪಡೆಯುವವನಿಗೆ ಆ ಪುಸ್ತಕ ಬಣ್ಣದ ಹೊಳಪಿಗಿಂತ ಹೆಚ್ಚಿನ ಬೆಲೆಯದು.

ಕಾಯಿದೆಯೂ ಈ ವಿವೇಕವನ್ನೇ ಎತ್ತಿಹಿಡಿದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಮೈಗೂಡು, ಎಂಜಿನ್ನುಗಳಲ್ಲಿ ಮಾರ್ಪಾಟಿಲ್ಲದೆ ಮೂಲರೂಪದಲ್ಲಿ ಉಳಿದಿರುವ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ವಿಂಟೇಜ್ ವಾಹನವೆಂಬ ಮನ್ನಣೆ ದೊರೆಯುತ್ತದೆ. ಅಂತಹವಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯಾಶ್ರೇಣಿಯಿದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಮರುನೋಂದಣಿಯ ಶುಲ್ಕ 5,000 ರೂಪಾಯಿ ಎಂದು ಆ ನಿಯಮಗಳು ಗೊತ್ತುಪಡಿಸಿದುವು. ಇಂತಹ ಗಾಡಿ ಪ್ರದರ್ಶನ, ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ನಿರ್ವಹಣೆ ಮುಂತಾದ ಸಂದರ್ಭಗಳಿಗೆ ಮಾತ್ರ ರಸ್ತೆಗಿಳಿಯಬಹುದು. ನಿತ್ಯದ ಸಂಚಾರಕ್ಕೂ ಬಾಡಿಗೆಯ ದುಡಿಮೆಗೂ ಅಲ್ಲ. ಪಿಕಪ್ ಗಾಡಿ ಮೂಲತಃ ಸರಕುವಾಹನವೆಂದು ನೋಂದಣಿಯಾಗಿರಬಹುದಾದ ಕಾರಣ, ಹಣ ಸುರಿಯುವ ಮೊದಲೇ ಕಾಗದಪತ್ರಗಳೊಡನೆ ಪ್ರಾದೇಶಿಕ ಸಾರಿಗೆ ಕಛೇರಿಗೆ ಹೋಗಿ ವಿಚಾರಿಸುವುದು ಉಚಿತ.

ಉಪಸಂಹಾರ

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಗಳಲ್ಲಿ ಹಳೆಯ ವಾಹನಗಳನ್ನು ಕಂಡು ಬೆರಗಾಗುವ ವಿದ್ಯಾರ್ಥಿಗಳು ಅನೇಕರು. ಆ ಬೆರಗು ಒಳ್ಳೆಯದು. ಆದರೆ ಅಷ್ಟಕ್ಕೇ ನಿಂತರೆ ಸಾಲದು. ಗಾಡಿಗಳು ಸಂಗ್ರಹಾಲಯದಲ್ಲಿ ಉಳಿದರೂ ಅವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಉಳಿಯದಿದ್ದರೆ, ಓದುವವರಿಲ್ಲದ ಲಿಪಿಯ ಗತಿಯೇ ಅವಕ್ಕೂ ಒದಗುತ್ತದೆ. ಪಾಯಿಂಟಿನ ಅಂತರವನ್ನು ಹೊಂದಿಸಬಲ್ಲ, ಕಾರ್ಬುರೇಟರಿನ ಉಸಿರನ್ನು ಕಿವಿಯಿಂದಲೇ ಗುರುತಿಸಬಲ್ಲ, ಸುತ್ತಿಗೆಯಿಂದ ತಗಡನ್ನು ಬಾಗಿಸಬಲ್ಲ ಹಿರಿಯರು ಇಂದು ಎಪ್ಪತ್ತು ಎಂಬತ್ತರ ವಯಸ್ಸಿನವರು. ಅವರ ವಿದ್ಯೆಯಲ್ಲಿ ಬಹುಭಾಗ ಪುಸ್ತಕಕ್ಕೆ ಇಳಿದಿಲ್ಲ. ಅದು ಅವರ ಬೆರಳ ತುದಿಯಲ್ಲಿದೆ. ಕೇಳುವ ಶಿಷ್ಯನಿಲ್ಲದೆ ಅವರು ಹೋದರೆ, ಹುಳು ತಿಂದ ತಾಳೆಗರಿಯಂತೆ ಆ ಭಾಗ ಶಾಶ್ವತವಾಗಿ ಖಾಲಿಯೇ. ಅಂತಹ ಹಿರಿಯರನ್ನು ವರ್ಷಕ್ಕೆ ಒಂದೆರಡು ದಿನ ಶಾಲೆಯ ಅಂಗಳಕ್ಕೆ ಕರೆದು, ಮಕ್ಕಳ ಎದುರಿಗೆ ಹಳೆಯ ಎಂಜಿನ್ನೊಂದನ್ನು ಬಿಚ್ಚಿಸಿ ಜೋಡಿಸಿ ತೋರಿಸುವುದು ಅಧ್ಯಾಪಕರಿಗೆ ಅಸಾಧ್ಯವೇನಲ್ಲ. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಗಳಿಗೂ ಇದು ಶಾಲೆಯ ಋಣ ತೀರಿಸುವ ಸುಲಭ ಮಾರ್ಗ.

ಕೊನೆಯದಾಗಿ, ಶಾಸನಗಳ ಆ ಪದಪುಂಜಕ್ಕೇ ಮರಳಬೇಕು. ಹೊಸದನ್ನು ಕಟ್ಟಿಸುವವರ ಹೆಸರು ಗೋಡೆಯ ಮೇಲೆ ಕಾಣುತ್ತದೆ. ಹಳೆಯದನ್ನು ಎತ್ತಿ ನಿಲ್ಲಿಸಿದವರ ಹೆಸರು ಬಹುಮಟ್ಟಿಗೆ ಕಾಣುವುದಿಲ್ಲ. ಇದನ್ನು ಅರಿತೇ ಅಂದಿನ ದಾನಿಗಳು ಮುರಿದುದಕ್ಕೆ, ಬಿರಿದುದಕ್ಕೆ, ಸವೆದುದಕ್ಕೆ ಎಂದು ಹೆಸರಿಸಿ ಭೂಮಿ ಬಿಟ್ಟರು. ಬೆಂಚು ಮುರಿಯುತ್ತದೆ, ಗೋಡೆ ಬಿರಿಯುತ್ತದೆ, ಪುಸ್ತಕ ಸವೆಯುತ್ತದೆ. ಅವನ್ನು ಸಕಾಲದಲ್ಲಿ ಎತ್ತಿ ನಿಲ್ಲಿಸುವ ಸಂಸ್ಥೆಯೇ ಬಾಳುತ್ತದೆ. ಹೊಸ ತಿಪ್ಪಸಂದ್ರದಂತಹ ಬಡಾವಣೆಯ ಅಂಗಳದಲ್ಲಿ ಹಳೆಯ ಗಾಡಿಯೊಂದರ ಕೆಳಗೆ ಮಲಗಿ, ಮೈಗೆ ಮಸಿ ಬಳಿದುಕೊಂಡು, ಒಂದು ಬೋಲ್ಟನ್ನು ಮುರಿಯದಂತೆ ಬಿಚ್ಚಲು ಗಂಟೆಗಟ್ಟಲೆ ತಾಳ್ಮೆಯಿಂದಿರುವವನು ಅರಿತೋ ಅರಿಯದೆಯೋ ಆ ಪ್ರಾಚೀನ ಧರ್ಮವನ್ನೇ ಆಚರಿಸುತ್ತಿರುತ್ತಾನೆ.